ಮಿರಗದ ಮುಂಚಿನ ಒಂದು ಮುಷ್ಟಿ ಉಸುಕು

ಆಗಿನ ದಿನಗಳಲ್ಲಿ ನಮ್ಮೂರಿನವರಿಗೆ ಹೊಳೆಯ ಸುದ್ದಿ ಬೇಕೆಂದರೆ ಹೊಳೆಯನ್ನೇ ಕೇಳಬೇಕಿತ್ತು. ಮೊಬೈಲ್ ಇನ್ನೂ ಬಂದಿರಲಿಲ್ಲ. ಮೇಲೆ ಮಹಾರಾಷ್ಟ್ರದ ಘಟ್ಟದಲ್ಲಿ ಎಷ್ಟು ಮಳೆಯಾಯಿತು, ಯಾವ ಡ್ಯಾಮಿನ ಬಾಗಿಲು ತೆಗೆದರು ಎಂದು ಬಂದು ಹೇಳುವವರು ಇರಲಿಲ್ಲ. ಇದ್ದವನು ಅಪ್ಪನ ಅಪ್ಪ, ನಮ್ಮ ಮುತ್ಯಾ ಒಬ್ಬನೇ. ದಿನಾ ಬೆಳಗ್ಗೆ ಹೊಳೆಯ ಕಲ್ಲಿನ ಪಾವಟಿಗೆ ಇಳಿದು, ಧೋತರವನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿ, ಎರಡೂ ಪಾದ ನೀರಿಗಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ನಾನು ಮೇಲಿನ ಪಾವಟಿಗೆಯ ಮೇಲೆ ಕೂತು ಆತನ ಬೆನ್ನು ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು "ಬಾ ಅಂತೈತಿ" ಅನ್ನುವನು, ಇಲ್ಲವೇ "ಇವತ್ತ ಒಲ್ಲೆ ಅಂತೈತಿ" ಅನ್ನುವನು. ಹೊಳೆ ಬಾ ಅಂದ ದಿನ ಮಾತ್ರ ಮುತ್ಯಾ ಮುಳುಗುತ್ತಿದ್ದ.

ನಮ್ಮೂರು ರಾಯಬಾಗ ತಾಲೂಕಿನದು. ಚಿಂಚಲಿಯಿಂದ ಹೊಳೆಯ ಕಡೆ ಬಂದರೆ ಕಬ್ಬಿನ ನಡುವೆ ಸಿಗುತ್ತದೆ. ಕೃಷ್ಣಾ ದಾಟಿದರೆ ಅಥಣಿ ಸೀಮೆ. ಎರಡೂ ದಂಡೆಗೆ ಸಾಲಾಗಿ ಮೋಟಾರುಗಳು, ಒಂದೊಂದರಿಂದಲೂ ಒಂದು ಕಬ್ಬಿಣದ ಪೈಪು ನೀರಿಗಿಳಿದಿರುತ್ತಿತ್ತು. ಪೈಪಿನ ಕೆಳಗಿನ ತುದಿಗೆ ಜಾಲರಿ ಬಾಯಿಯ ಫುಟ್‌ವಾಲ್. ಅದಕ್ಕೆ ಪಾಚಿಯೋ, ಕಬ್ಬಿನ ಒಣ ಎಲೆ ರವದಿಯೋ, ಹರಕು ಚೀಲವೋ ಸಿಕ್ಕಿಕೊಂಡರೆ ಮೋಟಾರು ಒದರುತ್ತದೆ, ನೀರು ಬರುವುದಿಲ್ಲ. ಆಗ ಯಾರಾದರೂ ತಳಕ್ಕೆ ಹೋಗಿ ಕೈಯಿಂದ ಬಿಡಿಸಬೇಕು. ಅದು ಮುತ್ಯಾನ ಕೆಲಸ. ಮುಳುಗುವ ಮುಂಚೆ ಮೋಟಾರಿನ ಪೆಟ್ಟಿಗೆ ತೆರೆದು ಮೂರೂ ಫ್ಯೂಸು ಕಿತ್ತು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ. ಆತ ಒಳಗಿರುವಾಗ ದಂಡೆಯ ಮೇಲೆ ಯಾರೋ ಮರೆತು ಗುಂಡಿ ಒತ್ತಿದರೆ ಪೈಪು ಕೈಯನ್ನೇ ಎಳೆದುಕೊಳ್ಳುತ್ತದೆ. "ನನ್ನ ಜೀವಾ ನನ್ನ ಸೊಂಟದಾಗ ಇರಬೇಕು, ಮಂದಿ ನೆನಪಿನ್ಯಾಗ ಅಲ್ಲ" ಅನ್ನುತ್ತಿದ್ದ. ಮೇಲೆ ಬಂದ ಮೇಲೆ ಆ ಫ್ಯೂಸುಗಳನ್ನು ಬಿಸಿಲಿಗೆ ಒಣಗಿಸುವುದು ಆಮೇಲಿನ ಮಾತು.

ಆತ ಮುಳುಗಿದ ಕೂಡಲೇ ನಾನೂ ದಂಡೆಯ ಮೇಲೆ ಮೂಗು ಹಿಡಿಯುತ್ತಿದ್ದೆ. ನನ್ನ ಉಸಿರು ಮೂರು ಸಲ ತೀರಿ ಹೋಗುತ್ತಿತ್ತು, ಆತ ಇನ್ನೂ ಕೆಳಗೇ. ನೀರಿನ ಮೇಲೆ ಎರಡು ಗುಳ್ಳೆ, ಆಮೇಲೆ ಅದೂ ಇಲ್ಲ. ಅಷ್ಟು ದೊಡ್ಡ ಹೊಳೆ ಒಬ್ಬ ಮುದುಕನನ್ನು ಬಾಯೊಳಗೆ ಇಟ್ಟುಕೊಂಡು ಏನೂ ಗೊತ್ತಿಲ್ಲದಂತೆ ಬಿದ್ದುಕೊಂಡಿರುತ್ತಿತ್ತು. ಹಾಗಿದ್ದಾಗ ಬಿಳಿ ತಲೆಯೊಂದು ಸದ್ದಿಲ್ಲದೆ ಮೇಲೆ ಬರುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಆದರೂ ಪ್ರತಿ ಸಲ ನನ್ನ ಮೈಮೇಲಿನ ಕೂದಲು ನಿಲ್ಲುತ್ತಿತ್ತು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಪಾವಟಿಗೆಯ ಬದಿಗೆ ಹೊಳೆಯ ದೇವತೆ ಗಂಗವ್ವನ ಕಲ್ಲು. ಅದರ ಎದುರಿಗೇ ಮೂರು ಆಳು ನೀರಿನ ಮಡು. ಆ ಮಡುವಿನ ತಳದಿಂದ ಒಂದು ಮುಷ್ಟಿ ಉಸುಕು ತಂದು ಕಲ್ಲಿನ ಬುಡಕ್ಕೆ ಹಾಕಿದವರು ಮಾತ್ರ ಮುಳುಗುವವರು. ಅಲ್ಲಿಯವರೆಗೆ ಎಷ್ಟೇ ಈಜಿದರೂ ನೀರಾಟ ಆಡುವವರು, ಅಷ್ಟೇ. ಮುತ್ಯಾ ಹಾಕಿದ್ದ. ನಮ್ಮ ಅಪ್ಪನೂ ಹುಡುಗನಿದ್ದಾಗ ಹಾಕಿದ್ದ. ಆದರೆ ಸಕ್ಕರೆ ಕಾರ್ಖಾನೆಯ ನೌಕರಿ ಸಿಕ್ಕ ಮೇಲೆ ಅಪ್ಪನಿಗೆ ಹೊಳೆ ಅಂದರೆ ಸೈಕಲ್ ತೊಳೆಯುವ ಜಾಗ. ಹಾಗಾಗಿ ಮುತ್ಯಾನ ಹಿಂದೆ ಉಳಿದವಳು ನಾನೊಬ್ಬಳೇ. ಒಣಗಿದ ಸೋರೆ ಬುರುಡೆ ಬೆನ್ನಿಗೆ ಕಟ್ಟಿ ನನಗೆ ಈಜು ಕಲಿಸಿದವನೂ ಆತನೇ.

ಆ ಬೇಸಿಗೆಗೆ ನನಗೆ ಹನ್ನೊಂದು ತುಂಬಿ ಹನ್ನೆರಡು ನಡೆಯುತ್ತಿತ್ತು. ಒಂದು ದಿನ ಅವ್ವ ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೆ ಮುತ್ಯಾನಿಗೆ ಹೇಳಿದಳು: "ಮಾವಾರ, ಈ ಹುಡುಗಿ ಕುಣತಾ ಈ ವರ್ಷಕ್ಕ ಸಾಕ್ರಿ. ಬರೋ ಬ್ಯಾಸಿಗ್ಯಾಗ ದೊಡ್ಡಾಕಿ ಆಗಿರ್ತಾಳ. ಹೊಳ್ಯಾಗ ಜಿಗ್ಯಾಕ ನಾ ಬಿಡಾಂಗಿಲ್ಲ."

ಮುತ್ಯಾ ಶೇಂಗಾ ಹಿಂಡಿಗೆ ಮೊಸರು ಕಲಸುತ್ತಾ "ಹೂಂ" ಅಂದ. ಅಷ್ಟೇ.

ನಾನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಲು ಇಪ್ಪತ್ತು ದಿನವೂ ಉಳಿದಿರಲಿಲ್ಲ. ಮಿರಗ ಬಂತೆಂದರೆ ಹೊಳೆಗೆ ಕೆಂಪು ಹೊಸ ನೀರು ಬರುತ್ತದೆ, ದೀಪಾವಳಿಯವರೆಗೆ ಯಾರೂ ಮಡುವಿಗೆ ಇಳಿಯುವ ಮಾತಿಲ್ಲ. ಅಂದರೆ ಇಷ್ಟು ದಿನದಲ್ಲಿ ಉಸುಕು ತಂದರೆ ತಂದೆ, ಇಲ್ಲದಿದ್ದರೆ ಜನ್ಮದಲ್ಲಿ ಇಲ್ಲ. ಉಂಡೆದ್ದ ಮುತ್ಯಾನ ಹಿಂದೆ ಅಂಗಳಕ್ಕೆ ಹೋಗಿ ಆತನ ಕೈ ಹಿಡಿದು "ನಾಳೆನ ಇಳಿಸು ನನ್ನ" ಅಂದೆ.

"ನಾ ಯಾರ್ ಯವ್ವಾ ಇಳ್ಸಾಕ? ಹೊಳಿ ಹೂಂ ಅನಬೇಕಲ್ಲ" ಅಂದ.

ಹೊಳೆ ಹೂಂ ಅನ್ನುವುದು ಅಂದರೆ ಏನೆಂದು ನನಗೆ ತಿಳಿದದ್ದು ಆ ಇಪ್ಪತ್ತು ದಿನಗಳಲ್ಲಿ. ನಸುಕಿನಲ್ಲೇ ಎಬ್ಬಿಸಿ ಕರೆದೊಯ್ಯುತ್ತಿದ್ದ. ಜೇಬಿನಿಂದ ಒಂದು ಹಿಡಿ ಚುರಮರಿ ತೆಗೆದು ನೀರಿಗೆ ಎಸೆಯುವನು. ಚುರಮರಿ ಬಿದ್ದಲ್ಲೇ ನಿಂತರೆ ಗಾಳಿ ಇಲ್ಲ. ಓಡಿದರೆ ಗಾಳಿ ಎದ್ದಿದೆ, ದಂಡೆಯ ಕೆಸರು ಕದಡುತ್ತದೆ, ತಳದಲ್ಲಿ ಕಣ್ಣಿಗೆ ಕೈ ಕಾಣುವುದಿಲ್ಲ. ಆಮೇಲೆ ಒಂದು ಬಿಳಿ ಗಾರಗಲ್ಲನ್ನು ಮಡುವಿಗೆ ಬಿಟ್ಟು ಎಣಿಸುವನು. ಐದು ಎಣಿಸುವವರೆಗೆ ಕಲ್ಲು ಕಂಡರೆ ನೀರು ತಿಳಿ. ಎರಡಕ್ಕೇ ಮಾಯವಾದರೆ ಮನೆಗೆ ನಡಿ. ಕೊನೆಗೆ ಪಾದ. ಪಾದಕ್ಕೆ ಏನು ತಿಳಿಯುತ್ತದೆ ಎಂದು ಮಾತ್ರ ಆತ ಎಂದೂ ಬಿಡಿಸಿ ಹೇಳಲಿಲ್ಲ. "ನಿಂತರ ತಿಳಿತೈತಿ" ಅನ್ನುವನು. ನಾನೂ ಪಕ್ಕಕ್ಕೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ನನಗೆ ತಿಳಿದದ್ದು ಸಣ್ಣ ಮೀನು ಬೆರಳು ಕಚ್ಚುತ್ತವೆ ಅನ್ನುವುದೊಂದೇ. ಬೇಸರ ಬಂದು ಉಳಿದ ಚುರಮರಿ ತಿಂದುಬಿಡುತ್ತಿದ್ದೆ.

ಇನ್ನೊಂದು ಸಂಗತಿ ಕೇಳಿದರೆ ನೀವು ನಗಬಹುದು. ನಿಪ್ಪಾಣಿಯ ಕಡೆಯ ನಮ್ಮ ಮಾಮಾ ಒಬ್ಬ ಕೊಂಕಣದ ಸಮುದ್ರ ನೋಡಿ ಬಂದಿದ್ದ. ಸಮುದ್ರಕ್ಕೆ ದಿನಕ್ಕೆ ಎರಡು ಸಲ ಭರತಿ, ಅಂದರೆ ಉಬ್ಬರ, ಬರುತ್ತದೆ, ಚಂದ್ರ ಅದನ್ನು ಎಳೆಯುತ್ತಾನೆ, ನೀರಿಗೆ ಇಳಿಯುವವರು ಆ ಹೊತ್ತು ನೋಡಿಯೇ ಇಳಿಯುತ್ತಾರೆ ಎಂದು ದೊಡ್ಡದಾಗಿ ಹೇಳಿದ. ಮುತ್ಯಾ ಕೇಳಿಸಿಕೊಂಡು, "ನಮ್ಮ ಹೊಳಿಗೂ ಭರತಿ ಐತಿ. ಕರೆಂಟ್ ಎಳಿತೈತಿ" ಅಂದ. ಮಾಮಾ ನಕ್ಕ. ಮರುದಿನ ಮುತ್ಯಾ ನನ್ನನ್ನು ಕರೆದೊಯ್ದು ಪಾವಟಿಗೆಯ ಮೇಲೆ ಇದ್ದಿಲಿನಿಂದ ನೀರಿನ ಅಂಚಿಗೆ ಗೆರೆ ಎಳೆದ. ಬೇಸಿಗೆಯಲ್ಲಿ ಕೆಳಗಿನ ಬ್ಯಾರೇಜಿಗೆ ಹಲಗೆ ಹಾಕಿ ನೀರು ನಿಲ್ಲಿಸಿರುತ್ತಾರೆ, ಹೊಳೆ ಕೆರೆಯಂತೆ ಆಗಿರುತ್ತದೆ. ಕರೆಂಟು ಬಂದು ಎರಡೂ ದಂಡೆಯ ಮೋಟಾರು ಒಮ್ಮೆಲೇ ಗುಂಯ್ ಅಂದವು. ಮಧ್ಯಾಹ್ನದ ಹೊತ್ತಿಗೆ ನೀರು ಗೆರೆಯಿಂದ ಎರಡು ಬೆರಳು ಕೆಳಗಿತ್ತು. ಕರೆಂಟು ಹೋದ ಮೇಲೆ ಮೇಲಿನ ನೀರು ನಿಧಾನಕ್ಕೆ ಕೂಡಿ ಸಂಜೆಗೆ ಮತ್ತೆ ಗೆರೆಗೆ ಬಂತು. ನಾನು ಆ ಗೆರೆಯನ್ನೇ ನೋಡುತ್ತಾ ಕೂತಿದ್ದೆ. ಇಷ್ಟು ದಿನ ಸುಮ್ಮನೆ ನಿಂತಿದೆ ಅಂದುಕೊಂಡಿದ್ದ ಹೊಳೆ ದಿನಾ ಉಸಿರು ಎಳೆದು ಬಿಡುತ್ತಿದೆ ಅನ್ನಿಸಿ ನನಗೆ ಹೆದರಿಕೆಯೂ ಆಯಿತು, ಕೈಮುಗಿಯುವ ಹಾಗೂ ಆಯಿತು.

ಆದರೆ ಮಡುವಿಗೆ ಇಳಿಸಲಿಲ್ಲ. ಒಂದು ದಿನ ಪಡುವಣ ಗಾಳಿ. ಇನ್ನೊಂದು ದಿನ ಕರೆಂಟು ಬೆಳಗ್ಗೆಯೇ ಬಂದುಬಿಟ್ಟಿತು, ಸಾಲಿನ ಮೋಟಾರೆಲ್ಲ ಎಳೆಯುತ್ತಿರುವಾಗ ಅವುಗಳ ನಡುವೆ ಇಳಿಯುವಂತಿಲ್ಲ. ಮತ್ತೊಂದು ದಿನ ರೋಹಿಣಿಯ ಗುಡುಗು ಮಳೆ ಹೊಲದ ಕರಿ ಮಣ್ಣನ್ನೆಲ್ಲ ಹಳ್ಳದಿಂದ ತಂದು ಸುರಿಯಿತು, ಗಾರಗಲ್ಲು ಒಂದು ಅನ್ನುವುದರೊಳಗೆ ಮಾಯ. ನಾನು ಸಿಟ್ಟಿಗೆದ್ದು ಆ ದಿನ ಉಣ್ಣಲಿಲ್ಲ. "ನಿನಗ ನಾ ಹುಡುಗಿ ಅಂತ ಒಲ್ಲೆ. ಹುಡುಗ ಆಗಿದ್ರ ಯಾವತ್ತೋ ಇಳಸ್ತಿದ್ದಿ" ಅಂದೆ. ಮುತ್ಯಾ ಬಗ್ಗಿಸಿದ ತಲೆ ಎತ್ತದೆ ತನ್ನ ರೊಟ್ಟಿ ಮುರಿದು ಅರ್ಧ ನನ್ನ ಕಡೆ ಸರಿಸಿದ. ಆತನಿಗೆ ನೋವಾಯಿತೆಂದು ಗೊತ್ತಾದರೂ ನಾನು ಹೋಗಿ ಮಾತಾಡಿಸಲಿಲ್ಲ. ಅಷ್ಟು ಹಟಮಾರಿ ನಾನು.

ಮಿರಗ ಕೂಡಲು ಎರಡು ದಿನ ಇರುವಾಗ ಬೆಳಗ್ಗೆ ಎದ್ದು ನೋಡಿದರೆ ಗಿಡದ ಎಲೆ ಅಲುಗುತ್ತಿಲ್ಲ. ಆಕಾಶ ನೀಲಿ. ಕರೆಂಟು ಇನ್ನೂ ಬಂದಿರಲಿಲ್ಲ. ಚುರಮರಿ ಬಿದ್ದಲ್ಲೇ ನಿಂತಿತು. ಗಾರಗಲ್ಲು ಆರು ಎಣಿಸುವವರೆಗೆ ಕಾಣಿಸಿತು. ಮುತ್ಯಾ ಪಾದ ಇಟ್ಟು ಎಂದಿಗಿಂತ ಹೆಚ್ಚು ಹೊತ್ತು ನಿಂತ. ಆಮೇಲೆ ನನ್ನ ಕಡೆ ತಿರುಗಿ, "ಬಾ ಅಂತೈತಿ" ಅಂದ.

ಮಡುವಿನೊಳಕ್ಕೆ ಇಳಿದಿದ್ದ ಪೈಪು ಬಾಳಾಸಾಬ ಕಾಕಾನದು. ಊರಿಗೆ ಹೆಚ್ಚು ಕಬ್ಬು ಇದ್ದವರು ಅವರೇ. ಮುತ್ಯಾ ಅವರ ಪೆಟ್ಟಿಗೆಯ ಮೂರೂ ಫ್ಯೂಸು ಕಿತ್ತ. ಈ ಸಲ ತನ್ನ ಸೊಂಟಕ್ಕೆ ಕಟ್ಟಿಕೊಳ್ಳಲಿಲ್ಲ. ನನ್ನ ಲಂಗದ ಸೊಂಟಪಟ್ಟಿಗೆ ಕಟ್ಟಿ, ಎರಡು ಸಲ ಎಳೆದು ನೋಡಿದ. "ಪೈಪ್ ಹಿಡದ ಇಳಿ. ಕಿವಿ ನೋವಾದ್ರ ಮೂಗ ಹಿಡದ ಒಳಗ ಊದು. ಉಸಕ ಸಿಗಲಿ ಬಿಡಲಿ, ಹೊಳಿ ಏನರ ಹೇಳಿದ್ರ ಕೇಳು, ತಟ್ಟನ ಮ್ಯಾಲ ಬಾ" ಅಂದ.

ಇಳಿದೆ. ಮೊದಲು ಹಸಿರು, ಬಿಸಿಲಿನ ಹಸಿರು. ನೀರು ಮೈಯಷ್ಟೇ ಬೆಚ್ಚಗಿತ್ತು. ಪೈಪಿಗೆ ಹಿಡಿದ ಪಾಚಿ ಕೈಯಲ್ಲಿ ಜಾರುತ್ತಿತ್ತು. ಒಂದಾಳು ದಾಟಿದಾಗ ಕಿವಿಯಲ್ಲಿ ಸೂಜಿ ಚುಚ್ಚಿದಂತಾಯಿತು, ಮೂಗು ಹಿಡಿದು ಊದಿದೆ, ಬಿಟ್ಟಿತು. ಹಸಿರು ಕಪ್ಪಾಗುತ್ತಾ ಹೋಯಿತು. ಮೇಲೆ ನೋಡಿದರೆ ಸೂರ್ಯ ನಡುಗುವ ಒಂದು ಬಿಲ್ಲೆ. ಸದ್ದೇ ಇಲ್ಲ, ನನ್ನ ಎದೆಯದೊಂದೇ. ಅಂಥ ಮೌನವನ್ನು ನಾನು ಆಮೇಲೆ ಯಾವ ಗುಡಿಯಲ್ಲೂ ಕಂಡಿಲ್ಲ. ನಾನು ಎಷ್ಟು ಸಣ್ಣವಳು, ಇದು ಎಷ್ಟು ದೊಡ್ಡದು, ಆದರೂ ನನ್ನನ್ನು ಒಳಗೆ ಬಿಟ್ಟುಕೊಂಡಿದೆ ಎಂದು ತಿಳಿದು ಒಂದು ಕ್ಷಣ ಯಾಕೆ ಬಂದೆನೆಂಬುದೂ ಮರೆತುಹೋಯಿತು.

ಫುಟ್‌ವಾಲಿನ ಜಾಲರಿ ಕೈಗೆ ತಾಗಿತು. ಅದರ ಕೆಳಗೆ ಇನ್ನೊಂದು ಮೊಳಕ್ಕೆ ತಳ. ಪೈಪು ಬಿಟ್ಟು ಕೈ ಚಾಚಿದೆ. ಆಗಲೇ ಬೆರಳಿಗೆ ಥಂಡಿ ತಾಗಿತು. ಬರೀ ಥಂಡಿಯಲ್ಲ, ನಡೆಯುವ ಥಂಡಿ. ಮೇಲೆ ನೀರು ನಿಂತಿತ್ತು, ಇಲ್ಲಿ ಉಸುಕಿನ ಮೇಲೆ ಇನ್ನೊಂದು ಹೊಳೆ ಸದ್ದಿಲ್ಲದೆ ಪಡುವಣದಿಂದ ಮೂಡಣಕ್ಕೆ ಹರಿದು ಹೋಗುತ್ತಿತ್ತು. ಬೆರಳ ಸಂದಿಯಲ್ಲಿ ನುಣ್ಣನೆಯ ರಾಡಿ ಜಾರಿತು. ಉಸುಕು ಅದರ ಕೆಳಗೆ, ಇನ್ನು ನಾಲ್ಕು ಬೆರಳು ಅಷ್ಟೇ. ಉಸಿರು ಇನ್ನೂ ಇತ್ತು. ಖರೆ ಹೇಳುತ್ತೇನೆ, ತರಬಹುದಿತ್ತು. ಆದರೆ ಹೊಳೆ ಏನಾದರೂ ಹೇಳಿದರೆ ತಟ್ಟನೆ ಬಾ ಅಂದಿದ್ದನಲ್ಲ. ಇದು ಹೇಳುವುದೇ ಅಲ್ಲವೇ ಎಂದು ಹೆದರಿ ಕಾಲು ಒದ್ದೆ.

ಮೇಲೆ ಬಂದು ಪಾವಟಿಗೆ ಹಿಡಿದು ಕೆಮ್ಮುತ್ತಾ ಅಂದೆ: "ಮುತ್ಯಾ, ಕೆಳಗ ಥಂಡ ನೀರ ಐತಿ. ಹರ್ಯಾಕತ್ತೈತಿ."

ಮುತ್ಯಾ ನನ್ನ ಮುಷ್ಟಿ ಬಿಡಿಸಿ ನೋಡಿದ. ಖಾಲಿ. ಆದರೆ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು. ನಮ್ಮ ಮಡುವಿನ ಉಸುಕು ಬೂದಿ ಬಣ್ಣದ್ದು. ಆತ ನನ್ನ ಬೆರಳನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದ. ತನ್ನ ಉಗುರಿನಿಂದ ಆ ಮಣ್ಣು ಕೆರೆದು ತೆಗೆದು, ಗಂಗವ್ವನ ಕಲ್ಲಿನ ಕಡೆ ಹೋಗಿ ಕೈ ಒರೆಸಿದ. ಆಮೇಲೆ ಧೋತರ ಬಿಗಿದು ಊರ ಕಡೆ ನಡೆದ. ಅಷ್ಟು ಬಿರುಸಾಗಿ ಆತ ನಡೆದದ್ದನ್ನು ನಾನು ನೋಡಿರಲಿಲ್ಲ.

"ಹೊಸ ನೀರ ಕೆಳಗಿಂದ ಬರಾಕತ್ತೈತ್ರಿ. ಸಂಜೀ ಒಳಗ ಮೋಟಾರ್ ಎಲ್ಲಾ ಮ್ಯಾಲ ತರಸ್ರಿ" ಎಂದು ಮುತ್ಯಾ ಬಾಳಾಸಾಬ ಕಾಕಾಗೆ ಹೇಳಿದಾಗ ಅವರು ಹಲ್ಲುಜ್ಜುತ್ತಿದ್ದರು.

ಅವರು ಆಕಾಶದ ಕಡೆ ಕೈ ತೋರಿಸಿ, "ಎಲ್ಲೈತಿ ಮುತ್ಯಾ ಮಳಿ? ನನ್ನ ಕಬ್ಬ ಒಣಗಾಕತ್ತೈತಿ. ಮೋಟಾರ್ ಎತ್ತಿದ್ರ ಮತ್ತ ಇಳ್ಸಾಕ ವಾರ ಬೇಕು. ನೀ ನೋಡಿದ್ಯಾ?" ಅಂದರು.

"ನಾ ನೋಡಿಲ್ರಿ. ಕಸ್ತೂರಿ ನೋಡ್ಯಾಳ."

ಅವರು ನನ್ನ ಕಡೆ ನೋಡಿದರು. ನನ್ನ ಲಂಗದಿಂದ ಇನ್ನೂ ನೀರು ಸೋರುತ್ತಿತ್ತು, ಸೊಂಟದಲ್ಲಿ ಅವರದೇ ಮೂರು ಫ್ಯೂಸು. ಬಾಳಾಸಾಬ ಕಾಕಾ ನಕ್ಕರು. "ಈ ಗುಬ್ಬಿ ಮಾತ ಕೇಳಿ ಮೋಟಾರ್ ಎತ್ತಲೇನ?"

ಮುತ್ಯಾ ನಗಲಿಲ್ಲ. "ಐವತ್ತ ವರ್ಷ ನನ್ನ ಮಾತ ಕೇಳೀರಿ. ಇವತ್ತ ಈಕಿ ಮಾತ ನನ್ನ ಮಾತ ಅಂತ ತಿಳ್ಕೋರಿ. ಸುಳ್ಳಾದ್ರ ನಾ ಇನ್ನ ನಿಮ್ಮ ದಂಡಿಗೆ ಕಾಲ ಇಡಾಂಗಿಲ್ಲ" ಅಂದ.

ಆತನ ಐವತ್ತು ವರ್ಷದ ಮಾತು ಈಗ ನನ್ನ ನಾಲ್ಕು ಬೆರಳಿನ ಮೇಲೆ ನಿಂತಿತ್ತು. ಬಾಳಾಸಾಬ ಕಾಕಾ ಗೊಣಗುತ್ತಲೇ ಟ್ರ್ಯಾಕ್ಟರ್ ತರಿಸಿದರು. ಅವರು ಎತ್ತಿದ್ದು ನೋಡಿ ಉಳಿದವರೂ ಎತ್ತಿದರು. ಮಧ್ಯಾಹ್ನವಿಡೀ ಹಗ್ಗ, ಬೈಗುಳ, ಗ್ರೀಸಿನ ವಾಸನೆ. ನಾನು ಪಾವಟಿಗೆಯ ಮೇಲೆ ಕೂತು ನೀರನ್ನೇ ನೋಡುತ್ತಿದ್ದೆ. ನೀರು ಅಲುಗಲಿಲ್ಲ. ಆಕಾಶಕ್ಕೆ ಒಂದು ತುಂಡು ಮೋಡ ಬರಲಿಲ್ಲ. ನನಗೆ ಖರೇನೇ ಥಂಡಿ ತಾಗಿತ್ತೋ, ಹೆದರಿಕೆಗೆ ಹಾಗನ್ನಿಸಿತೋ? ಮಣ್ಣು ಪೈಪಿನ ತುಕ್ಕಾಗಿದ್ದರೆ? ಸಂಜೆ ಮಂದಿ ಮನೆಗೆ ಹೋಗುವಾಗ ಒಬ್ಬಾತ "ಮುದುಕಗ ವಯಸ್ಸಾತು" ಅಂದದ್ದು ನನಗೂ ಕೇಳಿಸಿತು, ಮುತ್ಯಾನಿಗೂ ಕೇಳಿಸಿತು. ಮುತ್ಯಾ ಬಂದು ನನ್ನ ಪಕ್ಕ ಕೂತು ಒಂದು ಹಿಡಿ ಚುರಮರಿ ನನ್ನ ಉಡಿಗೆ ಹಾಕಿದ. ತಿನ್ನಲಿಕ್ಕೆ ಆಗಲಿಲ್ಲ.

ಬೆಳಗ್ಗೆ ಊರಿಗೆ ಊರೇ ಹೊಳೆಯ ದಂಡೆಯಲ್ಲಿತ್ತು. ನಾನು ಓಡಿ ಹೋಗಿ ಮಂದಿಯ ಸಂದಿಯಲ್ಲಿ ತೂರಿ ನೋಡಿದೆ. ನಿನ್ನೆಯ ಹಸಿರು ಹೊಳೆ ಇರಲಿಲ್ಲ. ದಂಡೆಯಿಂದ ದಂಡೆಗೆ ಕೆಂಪು ನೀರು, ನೊರೆ, ಬೇರು ಸಹಿತ ಗಿಡಗಳು, ಒಂದು ಮುರುಕು ಕಣಜ, ಎಲ್ಲವೂ ಮೂಡಣಕ್ಕೆ ಹೊರಟಿದ್ದವು. ನಮ್ಮೂರಲ್ಲಿ ಹನಿ ಮಳೆ ಬಿದ್ದಿರಲಿಲ್ಲ, ಬಿಸಿಲು ಬಿದ್ದಿತ್ತು. ಆ ಬಿಸಿಲಲ್ಲೇ ಹೊಳೆ ಪಾವಟಿಗೆ ಒಂದೊಂದೇ ಹತ್ತಿ ಬರುತ್ತಿತ್ತು. ಏಡಿಗಳು ಅದಕ್ಕಿಂತ ಮುಂದೆ ಓಡುತ್ತಿದ್ದವು. ಎಲ್ಲೋ ಕಾಣದ ಘಟ್ಟದಲ್ಲಿ ಬಿದ್ದ ಮಳೆ ನಿನ್ನೆ ನನ್ನ ಬೆರಳು ಮುಟ್ಟಿ ಹೋಗಿತ್ತು ಎಂದು ತಿಳಿದಾಗ ನಾನು ಅಲ್ಲೇ ಕೂತೆ. ಮೋಟಾರು ಇದ್ದ ಜಾಗವೆಲ್ಲ ನೀರಿನ ಕೆಳಗಿತ್ತು. ಬಾಳಾಸಾಬ ಕಾಕಾ ನನ್ನ ಹತ್ತಿರ ಬಂದು ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡು ಹೋದರು.

ಎಲ್ಲರೂ ನನ್ನನ್ನು ಹೊಗಳುತ್ತಿದ್ದರು, ನನಗೆ ಅಳು ಬಂತು. ಮುತ್ಯಾನ ಧೋತರ ಹಿಡಿದು, "ನಾ ಉಸಕ ತರಲಿಲ್ಲ. ಇನ್ನ ಅವ್ವ ಬಿಡಾಂಗಿಲ್ಲ. ನಾ ಮುಳಗಾಕಿ ಆಗಲಿಲ್ಲ" ಎಂದು ಬಿಕ್ಕಿದೆ.

ನೀರು ಗಂಗವ್ವನ ಕಲ್ಲಿನ ಬುಡಕ್ಕೆ ಬಂದಿತ್ತು. ಮುತ್ಯಾ ಅದನ್ನು ನೋಡುತ್ತಲೇ ಹೇಳಿದ: "ನಿನ್ನ ಉಗುರಿನ ಮಣ್ಣ ನಿನ್ನೇನ ಆಕಿಗೆ ಮುಟ್ಟಿಸೇನಿ, ಯವ್ವಾ. ನಮ್ಮ ಮನ್ಯಾಗ ಎಲ್ಲಾರೂ ಉಸಕ ತಂದಾರ. ಹೊಸ ನೀರ ತಂದಾಕಿ ನೀ ಒಬ್ಬಾಕಿ." ಅಷ್ಟರಲ್ಲಿ ಕಲ್ಲು ಮುಳುಗಿತು. ನಿನ್ನೆ ಆತ ಬರೀ ಕೈ ಒರೆಸಿದ ಅಂದುಕೊಂಡಿದ್ದೆನಲ್ಲ, ಎಂಥ ದಡ್ಡಿ ನಾನು.

ಅವ್ವ ಹೇಳಿದಂತೆಯೇ ಆಯಿತು. ಹೊಳೆ ತಿಳಿಯಾಗುವುದರೊಳಗೆ ನಾನು ದೊಡ್ಡವಳಾದೆ, ಮಡುವಿಗೆ ಇಳಿಯುವುದು ಮುಗಿಯಿತು. ಮುತ್ಯಾ ಇನ್ನೂ ಕೆಲವು ಬೇಸಿಗೆ ಮುಳುಗಿದ. ಹೊಳೆಯ ಮಾತೇನಾದರೂ ಬಂದರೆ ಮಂದಿಯ ಎದುರಿಗೇ ನನ್ನ ಕಡೆ ತಿರುಗಿ "ಏನಂತಿ ಯವ್ವಾ?" ಎಂದು ಕೇಳುತ್ತಿದ್ದ. ಆತ ಹೋದ ಮೇಲೆ ಯಾರೂ ಕೇಳಲಿಲ್ಲ.

ಈಗ ನಾನು ಚಿಕ್ಕೋಡಿಯಲ್ಲಿ ನೌಕರಿ ಮಾಡುತ್ತೇನೆ. ಊರಲ್ಲಿ ಈಗ ಮೋಟಾರನ್ನು ಡ್ರಮ್ಮಿಗೆ ಕಟ್ಟಿ ತೇಲಿಬಿಡುತ್ತಾರೆ, ಯಾರೂ ತಳಕ್ಕೆ ಹೋಗಬೇಕಾಗಿಲ್ಲ. ಮುಳುಗುವವರು ಯಾರೂ ಉಳಿದಿಲ್ಲ. ಮಡುವಿನ ಉಸುಕನ್ನು ವರ್ಷಗಟ್ಟಲೆ ತೆಗೆದು ತೆಗೆದು ಒಯ್ದರು, ಈಗ ಕೆಳಗೆ ಇರುವುದು ಕಪ್ಪು ರಾಡಿ ಅನ್ನುತ್ತಾರೆ. ಒಂದು ಮುಷ್ಟಿ ತರುತ್ತೇನೆಂದು ಹಟ ಹಿಡಿದರೂ ತರಲು ಅಲ್ಲಿ ಏನೂ ಇಲ್ಲ.

ಈ ವರ್ಷ ಮಿರಗದ ಮುಂಚೆ ಊರಿಗೆ ಹೋದಾಗ ಬೆಳಗ್ಗೆ ಒಬ್ಬಳೇ ಹೊಳೆಗೆ ಹೋದೆ. ಗಾಳಿ ಇರಲಿಲ್ಲ. ಸೀರೆ ಎತ್ತಿ ಕಟ್ಟಿ, ಎರಡೂ ಪಾದ ನೀರಿಗಿಟ್ಟು ಕಣ್ಣು ಮುಚ್ಚಿ ನಿಂತೆ. ನಿಂತರೆ ತಿಳಿಯುತ್ತದೆ ಅಂದಿದ್ದನಲ್ಲ. ಬಹಳ ಹೊತ್ತು ನಿಂತೆ. ಮೀನು ಕೂಡ ಬೆರಳು ಕಚ್ಚಲಿಲ್ಲ. ಆಗ ಹೆಗಲ ಚೀಲದಲ್ಲಿ ಮೊಬೈಲ್ ಸದ್ದಾಯಿತು. ಊರ ಗ್ರೂಪಿನ ಮೆಸೇಜು: ಮೇಲಿನಿಂದ ನೀರು ಬಿಟ್ಟಿದ್ದಾರೆ, ಹೊಳೆ ಏರುತ್ತದೆ, ಯಾರೂ ಇಳಿಯಬೇಡಿ.

ನಾನು ಆ ನೀರಲ್ಲೇ ನಿಂತಿದ್ದೆ, ನನ್ನ ಪಾದಕ್ಕೆ ಏನೂ ತಿಳಿದಿರಲಿಲ್ಲ. ಮೇಲೆ ಹತ್ತುವಾಗ ಗಂಗವ್ವನ ಕಲ್ಲು ಮುಟ್ಟಲು ಕೈ ಚಾಚಿದೆ. ಚಾಚಿದ ಕೈಯ ಉಗುರು ಕಂಡವು. ಸ್ವಚ್ಛ ಇದ್ದವು.